ಕೊನೆಯ ಹಂತದ ನೋವಿಗೆ ಯಾವುದು: ಮಾರ್ಫಿನ್, ಪ್ಯಾಚ್, ವಿಜಯಾ ಎಣ್ಣೆ, ಇಲ್ಲಾ ಗೋಕರ್ಣದ ಗಾಂಜಾ?

"ಸಿಸ್ಟರ್, ಗಾಂಜಾ ಎಣ್ಣೆ ಕೊಟ್ರೆ ನೋವು ಕಡಿಮೆ ಆಗ್ತದಂತೆ, ಹೌದಾ?" ಕುಮಟಾ, ಅಂಕೋಲಾ, ಶಿರಸಿ ಕಡೆ ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದವರ ಮನೆಗೆ ಹೋದರೆ ಈಗ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವುದು ಮಗನೋ ಅಳಿಯನೋ. ರೋಗಿಯ ಎದುರು ಕೇಳುವುದಿಲ್ಲ, ನಾವು ಹೊರಡುವಾಗ ಜಗಲಿಯಲ್ಲಿ ನಿಂತು ಸಣ್ಣ ದನಿಯಲ್ಲಿ ಕೇಳುತ್ತಾರೆ. ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ನಾಲ್ಕಾರು ವಿಡಿಯೋ ನೋಡಿ ಆಗಿರುತ್ತದೆ, ಗೋಕರ್ಣದಲ್ಲಿ ಯಾರೋ ಪರಿಚಯದವರು ತಂದುಕೊಡುತ್ತೇನೆ ಅಂದೂ ಆಗಿರುತ್ತದೆ.

ಕೇಳುವುದರಲ್ಲಿ ತಪ್ಪೇನಿಲ್ಲ. ಪಕ್ಕದ ಕೋಣೆಯಲ್ಲಿ ರಾತ್ರಿಯಿಡೀ ನರಳುವ ಸದ್ದು ಕೇಳಿಸಿಕೊಂಡವರು ಯಾವ ದಾರಿ ಸಿಕ್ಕರೂ ಹುಡುಕುತ್ತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೋವಿಗೆ ಮೊದಲು ಮಾರ್ಫಿನ್. ವಿಜಯಾ ಎಣ್ಣೆ, ಅಂದರೆ ಗಾಂಜಾ ಗಿಡದ ಎಲೆಯಿಂದ ಮಾಡಿದ ಆಯುರ್ವೇದದ ಎಣ್ಣೆ, ಬೇಕಿದ್ದರೆ ಅದರ ಜೊತೆಗೆ, ಅದೂ ವಾಂತಿ, ನಿದ್ದೆ ಇಂಥದ್ದಕ್ಕೆ, ಡಾಕ್ಟರ್ ಚೀಟಿಯ ಮೇಲೆ. ಬೀಚಿನ ಗಾಂಜಾ ಬೇಡವೇ ಬೇಡ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ತೊಂದರೆ ಯಾವುದು ನೋಡಿ

"ಕ್ಯಾನ್ಸರಿಗೆ ಗಾಂಜಾ" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಅವರಿಗೆ ಈಗ ಆಗುತ್ತಿರುವುದೇನು? ನೋವಾ? ವಾಂತಿಯಾ? ಊಟ ಸೇರುತ್ತಿಲ್ಲವಾ? ನಿದ್ದೆ ಇಲ್ಲವಾ? ಉಸಿರು ಕಟ್ಟುತ್ತಿದೆಯಾ? ಪ್ರತಿಯೊಂದಕ್ಕೂ ಬೇರೆ ಬೇರೆ ಮದ್ದಿದೆ. ನೋವಿನಲ್ಲೂ ಬಗೆ ಇದೆ. ಮೂಳೆಯ ನೋವಿಗೆ ಒಂದೇ ಒಂದು ಸಲ ರೇಡಿಯೇಷನ್ ಕೊಟ್ಟರೂ ಎಷ್ಟೋ ಜನರಿಗೆ ಆರಾಮಾಗುತ್ತದೆ. ಕರೆಂಟು ಹೊಡೆದ ಹಾಗೆ, ಉರಿ ಹೊತ್ತಿಕೊಂಡ ಹಾಗೆ ಬರುವ ನರದ ನೋವಿಗೆ ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ಥರದ ಗುಳಿಗೆ ಸೇರಿಸುತ್ತಾರೆ. ಮೇದೋಜೀರಕದ ಕ್ಯಾನ್ಸರಿನಲ್ಲಿ ಬೆನ್ನಿಗೆ ಹೊಡೆಯುವ ನೋವಿಗೆ ನರಕ್ಕೇ ಇಂಜೆಕ್ಷನ್ ಕೊಟ್ಟು ಬ್ಲಾಕ್ ಮಾಡುವ ವಿಧಾನ ಇದೆ. ಇದನ್ನೆಲ್ಲ ಕೇಳದೇ ನೇರ ಗಾಂಜಾಕ್ಕೆ ಹಾರಿದರೆ ಸುಲಭಕ್ಕೆ ಸಿಗುವ ಪರಿಹಾರ ಕೈತಪ್ಪಿ ಹೋಗುತ್ತದೆ.

ಒಂದು ನೋಟ್‌ಬುಕ್ ಇಡಿ. ನೋವು ಯಾವಾಗ ಜಾಸ್ತಿ, ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಯಾವ ಮಾತ್ರೆ ಎಷ್ಟು ಹೊತ್ತಿಗೆ ಕೊಟ್ಟಿರಿ, ಹೊಟ್ಟೆ ಹೋಯಿತಾ, ಇಷ್ಟು ಬರೆದರೆ ಸಾಕು. ಡಾಕ್ಟರಿಗೆ ಸ್ಕ್ಯಾನ್ ರಿಪೋರ್ಟಿನಷ್ಟೇ ಈ ಪುಸ್ತಕವೂ ಬೇಕು.

ಮಾರ್ಫಿನ್

ಈ ಹೆಸರು ಕೇಳಿದ ಕೂಡಲೇ ಮನೆಯವರ ಮುಖ ಬಾಡುತ್ತದೆ. "ಮಾರ್ಫಿನ್ ಅಂದ್ರೆ ಮುಗೀತು ಅಂತ ಅರ್ಥ ಅಲ್ವಾ?" ಅಲ್ಲ. ಮಾರ್ಫಿನ್ ತೆಗೆದುಕೊಂಡು ತಿಂಗಳುಗಟ್ಟಲೆ ಓಡಾಡಿಕೊಂಡಿರುವವರಿದ್ದಾರೆ. ಚಟ ಹಿಡಿಯುತ್ತದೆ ಅನ್ನುವ ಹೆದರಿಕೆ ಇನ್ನೊಂದು. ಕ್ಯಾನ್ಸರ್ ನೋವಿಗೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳುವವರಲ್ಲಿ ಅದು ತೀರ ಅಪರೂಪ.

ಇದರ ದೊಡ್ಡ ಗುಣ ಅಂದರೆ ಪ್ರಮಾಣಕ್ಕೆ ಗಡಿ ಇಲ್ಲ. ಟ್ರಾಮಡಾಲ್ ಅನ್ನುವ ನೋವಿನ ಮಾತ್ರೆ ದಿನಕ್ಕೆ 400 ಮಿಲಿಗ್ರಾಂ ದಾಟುವಂತಿಲ್ಲ, ಅಷ್ಟರ ಮೇಲೆ ನೋವಿಗೆ ಉಪಯೋಗ ಹೆಚ್ಚುವುದಿಲ್ಲ, ಫಿಟ್ಸ್ ಬರುವ ಅಪಾಯ ಹೆಚ್ಚುತ್ತದೆ. ಮಾರ್ಫಿನ್ ಹಾಗಲ್ಲ, ನೋವು ಏರಿದ ಹಾಗೆ ಡಾಕ್ಟರ್ ನಿಧಾನಕ್ಕೆ ಏರಿಸಿಕೊಂಡು ಹೋಗಬಹುದು. ಸಾಮಾನ್ಯ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ನೋವು ಬಂದ ಮೇಲೆ ಕೊಡೋಣ ಅಂತ ಕಾಯುವುದೇ ನಮ್ಮ ಮನೆಗಳಲ್ಲಿ ಆಗುವ ದೊಡ್ಡ ಎಡವಟ್ಟು. ರಾತ್ರಿ ಮಲಗುವಾಗ ಎರಡು ಪಾಲು ಒಟ್ಟಿಗೆ ಕೊಟ್ಟು ನಡುರಾತ್ರಿ ಎಬ್ಬಿಸದಂತೆ ಮಾಡುವ ಕ್ರಮವೂ ಇದೆ, ಅದನ್ನು ಡಾಕ್ಟರೇ ಬರೆದುಕೊಡುತ್ತಾರೆ.

ತೊಂದರೆಗಳಿಲ್ಲ ಅಂತಲ್ಲ. ಮಲಬದ್ಧತೆ ಆಗಿಯೇ ಆಗುತ್ತದೆ, ಹಾಗಾಗಿ ಮೊದಲ ದಿನದಿಂದಲೇ ಹೊಟ್ಟೆ ಸಡಿಲಿಸುವ ಔಷಧಿ ಜೊತೆಗೆ ಬೇಕು. ಬಾಳೆಹಣ್ಣು, ಬಿಸಿನೀರು ಸಾಲುವುದಿಲ್ಲ. ಶುರುವಿನ ಕೆಲವು ದಿನ ಹೊಟ್ಟೆ ತೊಳಸುತ್ತದೆ, ಮಂಪರು ಇರುತ್ತದೆ, ಆಮೇಲೆ ಹೆಚ್ಚಿನವರಿಗೆ ಇಳಿಯುತ್ತದೆ. ಕಿಡ್ನಿ ಕೆಟ್ಟವರಲ್ಲಿ ಇದು ಮೈಯಲ್ಲೇ ಉಳಿದು ಅಮಲು ಜಾಸ್ತಿ ಆಗಬಹುದು. ಅಂಥವರಿಗೆ ಬೇರೆ ಮದ್ದು ಆರಿಸುತ್ತಾರೆ.

ಕವಳ, ಅಂದರೆ ಎಲೆಅಡಿಕೆ, ಹಾಕುವ ಊರು ನಮ್ಮದು, ತಂಬಾಕು ಸೇರಿಸಿಯೇ ಹಾಕುವವರು ಬಹಳ. ಬಾಯಿ ಕ್ಯಾನ್ಸರಿನಲ್ಲಿ ದವಡೆ ಬಿಗಿದು ಒಂದು ಬೆರಳೂ ಒಳಗೆ ಹೋಗದಂತಾಗಿರುತ್ತದೆ. ಶಿರಸಿ ಹತ್ತಿರದ ತೋಟದ ಮನೆಯೊಂದರಲ್ಲಿ ಹೀಗೇ ಇದ್ದ ಒಬ್ಬ ಅಮ್ಮನಿಗೆ ಸೊಸೆ ಮಾತ್ರೆ ಕೊಡುವುದನ್ನೇ ಬಿಟ್ಟಿದ್ದಳು, "ನುಂಗಲಿಕ್ಕೇ ಆಗೂದಿಲ್ಲ ಸಿಸ್ಟರ್" ಅಂತ. ಮೂಗಿಗೆ ಪೈಪ್ ಇತ್ತು. ಡಾಕ್ಟರನ್ನು ಫೋನಿನಲ್ಲಿ ಕೇಳಿ, ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ಎರಡು ಚಮಚದ ನಡುವೆ ನುಣ್ಣಗೆ ಪುಡಿಮಾಡಿ, ನೀರಿನಲ್ಲಿ ಕಲಸಿ ಸಿರಿಂಜಿನಲ್ಲಿ ಪೈಪಿಗೆ ಬಿಟ್ಟು, ಹಿಂದಿನಿಂದ ಇನ್ನಷ್ಟು ನೀರು ಹಾಯಿಸಿದೆವು. ಮೂರನೇ ಡೋಸಿನ ಹೊತ್ತಿಗೆ ಹಣೆಯ ಗಂಟು ಬಿಚ್ಚಿತ್ತು, ಕೈಸನ್ನೆ ಮಾಡಿ ಅಪ್ಪೆಹುಳಿ ಕೇಳಿದರು, ಅದನ್ನೂ ಸೋಸಿ ಪೈಪಿನಲ್ಲೇ ಕೊಟ್ಟಾಯಿತು. ಒಂದು ಎಚ್ಚರ: ಎಸ್‌ಆರ್ ಅಂತ ಬರೆದಿರುವ, ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆಯನ್ನು ಯಾವತ್ತೂ ಪುಡಿ ಮಾಡಬಾರದು. ಹಲವು ಗಂಟೆ ಬರಬೇಕಾದ ಮದ್ದು ಒಂದೇ ಸಲ ಮೈಗೆ ಸೇರಿ ಪ್ರಾಣಕ್ಕೇ ಬರುತ್ತದೆ.

ಉಸಿರು ಕಟ್ಟುವವರಿಗೂ ಸಣ್ಣ ಪ್ರಮಾಣದ ಮಾರ್ಫಿನ್ ಆರಾಮ ಕೊಡುತ್ತದೆ. ಜೊತೆಗೆ ಮುಖಕ್ಕೆ ನೇರ ಗಾಳಿ ಬರುವಂತೆ ಒಂದು ಟೇಬಲ್ ಫ್ಯಾನ್ ಇಡಿ, ಉಪಯೋಗ ಆಗುತ್ತದೆ.

ಬೆಲೆ? ಒಂದು ಮಾತ್ರೆಗೆ ಕೆಲವೇ ರೂಪಾಯಿ. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗ ಇದೇ, ಎಲ್ಲಕ್ಕಿಂತ ಸಿಗುವುದು ಕಷ್ಟವೂ ಇದೇ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಮಾರ್ಫಿನ್‌ಗೆ ಮೂಲವಾದ ಅಫೀಮನ್ನು ಸರ್ಕಾರದ ಲೈಸೆನ್ಸಿನಲ್ಲೇ ಬೆಳೆಯುತ್ತಾರೆ, ಘಾಜಿಪುರ ಮತ್ತು ನೀಮಚ್‌ನಲ್ಲಿ ಸರ್ಕಾರಿ ಕಾರ್ಖಾನೆಗಳೂ ಇವೆ. ಆದರೆ 1985ರಲ್ಲಿ ಎನ್‌ಡಿಪಿಎಸ್ ಅನ್ನುವ ಮಾದಕವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ಕಾಟಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು, ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ದೇಶದಲ್ಲಿ ಅದರ ಬಳಕೆ ಶೇಕಡ 90ಕ್ಕಿಂತ ಜಾಸ್ತಿ ಕುಸಿಯಿತು. 2014ರ ತಿದ್ದುಪಡಿಯಲ್ಲಿ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಿಗಳನ್ನು ಅತ್ಯಗತ್ಯ ಅಂತ ಗುರುತಿಸಿ ನಿಯಮ ಸಡಿಲ ಮಾಡಿದರು. ಈಗ ಮಾನ್ಯತೆ ಪಡೆದ ಆಸ್ಪತ್ರೆಗೆ ಒಂದೇ ಕಡೆ ಅನುಮತಿ ಸಾಕು. ಆದರೂ ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ ಅಂತ ನಂಬಿಕೊಂಡು ಕೂರಬೇಡಿ. ನಮ್ಮವರು ಹೆಚ್ಚಾಗಿ ಚಿಕಿತ್ಸೆಗೆ ಹೋಗುವುದು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಮಣಿಪಾಲಕ್ಕೆ, ಕಾರವಾರದ ಕಡೆಯವರು ಗೋವಾದ ಬಾಂಬೋಳಿಗೆ. "ಇನ್ನು ಕೀಮೋ ಬೇಡ, ಮನೆಗೆ ಕರ್ಕೊಂಡು ಹೋಗಿ" ಅಂತ ಅವರು ಹೇಳಿದ ದಿನವೇ, ಅಲ್ಲೇ ನಿಂತು "ನೋವಿಗೆ ಮಾರ್ಫಿನ್ ಕೊಡ್ತೀರಾ, ಮುಂದೆ ಎಲ್ಲಿ ಸಿಗ್ತದೆ, ರೋಗಿಯನ್ನು ಕರೆತರದೇ ನಾನೊಬ್ಬನೇ ಬಂದು ಒಯ್ಯಬಹುದಾ" ಅಂತ ಕೇಳಿ. ಈ ಮೂರು ಪ್ರಶ್ನೆ ಕೇಳದೇ ಗಾಡಿ ಹತ್ತಬೇಡಿ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ನಾವೆಲ್ಲ ಕೂಗಿದೆವು. ಬೇಕು, ಖಂಡಿತ ಬೇಕು. ಆದರೆ ಅದು ಬರುವ ತನಕ ತಾಲೂಕು ಆಸ್ಪತ್ರೆಗಳಲ್ಲಿ ಈ ಅಗ್ಗದ ಮಾತ್ರೆಯಾದರೂ ಸಿಗಬೇಕು ಅಂತ ಯಾರೂ ಕೇಳುತ್ತಿಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ.

ಫೆಂಟನಿಲ್ ಪ್ಯಾಚ್

ಮಾರ್ಫಿನ್ ಜಾತಿಯದೇ ಮದ್ದಿರುವ, ಚರ್ಮಕ್ಕೆ ಅಂಟಿಸುವ ಪಟ್ಟಿ. ಒಂದು ಅಂಟಿಸಿದರೆ 72 ಗಂಟೆ ಬರುತ್ತದೆ. ನುಂಗಲು ಆಗದವರಿಗೆ, ವಾಂತಿ ನಿಲ್ಲದವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಒಳ್ಳೆಯದು. ಮಲಬದ್ಧತೆಯೂ ಸ್ವಲ್ಪ ಕಡಿಮೆ. ಆದರೆ ಒಂದು ಪಟ್ಟಿಗೆ ನೂರುಗಳ ಲೆಕ್ಕ, ಮೂರು ದಿನಕ್ಕೊಮ್ಮೆ ಬದಲಿಸಬೇಕು.

ಹೋಲಿಸುವಾಗ ಬೆಲೆಗಿಂತ ಮುಖ್ಯವಾದ ಮಾತೊಂದಿದೆ. 25ರ ಪಟ್ಟಿ (ಗಂಟೆಗೆ 25 ಮೈಕ್ರೋಗ್ರಾಂ ಬಿಡುವಂಥದ್ದು) ಅಂದರೆ ದಿನಕ್ಕೆ ಸುಮಾರು 60 ಮಿಲಿಗ್ರಾಂ ಮಾರ್ಫಿನ್ ನುಂಗಿದ ಹಾಗೆ. ಇದುವರೆಗೆ ಬರೀ ಪ್ಯಾರಾಸಿಟಮಾಲ್ ತಿನ್ನುತ್ತಿದ್ದವರಿಗೆ ಪಕ್ಕದ ಮನೆಯಲ್ಲಿ ಉಳಿದ ಪಟ್ಟಿ ತಂದು ಅಂಟಿಸಿದರೆ ಉಸಿರೇ ನಿಲ್ಲಬಹುದು. ಪಟ್ಟಿಯ ಪೂರ್ತಿ ಗುಣ ಕಾಣಲು 12ರಿಂದ 24 ಗಂಟೆ ಬೇಕು, ಹಾಗಾಗಿ ಈ ಕ್ಷಣದ ನೋವಿಗೆ ಅದು ಆಗಿಬರುವುದಿಲ್ಲ.

ಕರಾವಳಿಯ ಸೆಕೆಗೆ ಇನ್ನೆರಡು ತೊಡಕು. ಏಪ್ರಿಲ್, ಮೇನಲ್ಲಿ ಬೆವರಿಗೆ ಪಟ್ಟಿಯ ಅಂಚು ಏಳುತ್ತದೆ. ಕೂದಲು ಕಮ್ಮಿ ಇರುವ ಎದೆಯ ಮೇಲ್ಭಾಗವೋ ತೋಳೋ ಆರಿಸಿ, ಬರೀ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಅಂಗೈಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಸೋಪು, ಎಣ್ಣೆ, ಪೌಡರ್ ಬೇಡ. ಎರಡನೆಯದು, ಮೈ ಬಿಸಿಯಾದಷ್ಟೂ ಮದ್ದು ವೇಗವಾಗಿ ಒಳಗೆ ಇಳಿಯುತ್ತದೆ. ಬಚ್ಚಲ ಹಂಡೆಯ ಸುಡುನೀರಿನ ಸ್ನಾನ, ಬಿಸಿನೀರಿನ ಚೀಲ, ಜೋರು ಜ್ವರ, ಮೂರೂ ಅಪಾಯ. ತೆಗೆದ ಪಟ್ಟಿಯಲ್ಲೂ ಮದ್ದು ಉಳಿದಿರುತ್ತದೆ. ಅಂಟು ಒಳಗೆ ಬರುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ.

ಬ್ಯುಪ್ರೆನಾರ್ಫಿನ್ ಪ್ಯಾಚ್ ಅಂತ ಇನ್ನೊಂದಿದೆ, ಏಳು ದಿನ ಬರುತ್ತದೆ. ನೋವು ಅಷ್ಟೊಂದು ಜೋರಿಲ್ಲದವರಿಗೆ ಸಾಕಾಗಬಹುದು.

ವಿಜಯಾ ಎಣ್ಣೆ: ಕಾನೂನಿನ ಒಳಗಿನ ಗಾಂಜಾ

ಇಲ್ಲಿ ಗೊಂದಲ ಬಹಳ. ಎನ್‌ಡಿಪಿಎಸ್ ಕಾಯ್ದೆಯಲ್ಲಿ ನಿಷೇಧ ಇರುವುದು ಗಿಡದ ಹೂವಿನ ತುದಿ, ಅಂದರೆ ಗಾಂಜಾ, ಮತ್ತು ಅದರ ಅಂಟು, ಅಂದರೆ ಚರಸ್. ಹೂವಿನ ಜೊತೆಗಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಆಯುರ್ವೇದದಲ್ಲಿ ಈ ಎಲೆಗೇ ವಿಜಯಾ ಅನ್ನುತ್ತಾರೆ. ವೈದ್ಯರ ನಿಗಾದಲ್ಲೇ ಕೊಡಬೇಕಾದ ವಿಷದ್ರವ್ಯಗಳ ಪಟ್ಟಿಯಲ್ಲಿ ಅದಿದೆ. ಆಯುಷ್ ಲೈಸೆನ್ಸ್ ಪಡೆದ ಕಂಪನಿಗಳು ಈ ಎಲೆಯ ಸಾರದಿಂದ ಎಣ್ಣೆ, ಗುಳಿಗೆ ಮಾಡಿ ವೈದ್ಯರ ಚೀಟಿ ಮೇಲೆ ಮಾರುತ್ತವೆ. ಇದು ಕಾನೂನುಬದ್ಧ ದಾರಿ.

ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುವ ಹೆಂಪ್ ಸೀಡ್ ಆಯಿಲ್ ಬೇರೆಯೇ ವಸ್ತು. ಅದು ಬೀಜದ ಎಣ್ಣೆ, 2021ರಲ್ಲಿ ಆಹಾರವಾಗಿ ಮಾರಲು ಒಪ್ಪಿಗೆ ಸಿಕ್ಕಿದ್ದು. ಅದರಲ್ಲಿ ಅಮಲಿನ ಅಂಶವೂ ಇಲ್ಲ, ನೋವಿನ ಮದ್ದೂ ಇಲ್ಲ. ಎಷ್ಟೋ ಮನೆಯವರು ಇದನ್ನೇ ಗಾಂಜಾ ಎಣ್ಣೆ ಅಂದುಕೊಂಡು ತಂದು ಕೊಟ್ಟು, ಏನೂ ಆಗಲಿಲ್ಲ ಅಂತ ಬೇಸರ ಮಾಡಿಕೊಳ್ಳುತ್ತಾರೆ.

ಸರಿ, ನಿಜವಾದ ವಿಜಯಾ ಎಣ್ಣೆ ಏನು ಮಾಡೀತು? ಕೀಮೋದ ವಾಂತಿಗೆ ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ ಕೆಲಸ ಮಾಡುತ್ತದೆ ಅನ್ನುವುದು ಹಳೆಯ ಸಂಗತಿ. 1985ರಲ್ಲೇ ಅಮೆರಿಕದಲ್ಲಿ ಡ್ರೊನಾಬಿನಾಲ್, ನಾಬಿಲೋನ್ ಅನ್ನುವ ಎರಡು ಗುಳಿಗೆಗಳಿಗೆ ಇದಕ್ಕಾಗಿ ಒಪ್ಪಿಗೆ ಸಿಕ್ಕಿತ್ತು. ನಿದ್ದೆಗೂ ಕೆಲವರಿಗೆ ಉಪಯೋಗ ಆಗುತ್ತದೆ. ಕ್ಯಾನ್ಸರ್ ನೋವಿನ ವಿಷಯಕ್ಕೆ ಬಂದರೆ ಪುರಾವೆ ಸೊರಗಿದೆ. ಮಾರ್ಫಿನ್ ಜೊತೆಗೆ ನಾಬಿಕ್ಸಿಮಾಲ್ಸ್ ಅನ್ನುವ ಗಾಂಜಾ ಸಾರದ ಸ್ಪ್ರೇ ಕೊಟ್ಟು ಮಾಡಿದ ದೊಡ್ಡ ಪ್ರಯೋಗಗಳು ಅಂದುಕೊಂಡ ಫಲ ತೋರಿಸಲಿಲ್ಲ. ಆಸ್ಟ್ರೇಲಿಯಾದಲ್ಲಿ ಮುಂದುವರಿದ ಕ್ಯಾನ್ಸರಿನವರಿಗೆ ಸಿಬಿಡಿ (ಗಾಂಜಾ ಗಿಡದಲ್ಲೇ ಇರುವ, ಅಮಲು ಬರಿಸದ ಅಂಶ) ಎಣ್ಣೆ ಕೊಟ್ಟು ನೋಡಿದಾಗ, ಔಷಧಿ ಇಲ್ಲದ ಎಣ್ಣೆ ಕೊಟ್ಟವರಿಗಿಂತ ಹೆಚ್ಚಿನ ಆರಾಮ ಕಾಣಲಿಲ್ಲ. ಗಡ್ಡೆ ಕರಗುತ್ತದೆ, ಕ್ಯಾನ್ಸರೇ ವಾಸಿಯಾಗುತ್ತದೆ ಅನ್ನುವ ವಿಡಿಯೋಗಳನ್ನು ದಯವಿಟ್ಟು ನಂಬಬೇಡಿ. ಪ್ರಯೋಗಾಲಯದ ತಟ್ಟೆಯಲ್ಲಿ ಕಂಡದ್ದನ್ನು ಮನುಷ್ಯರ ಮೇಲೆ ಯಾರೂ ತೋರಿಸಿಕೊಟ್ಟಿಲ್ಲ. ಅದನ್ನು ನಂಬಿ ಮಾರ್ಫಿನ್ ನಿಲ್ಲಿಸಿದ ಮನೆಗಳಲ್ಲಿ ರೋಗಿ ಪಡುವ ಪಾಡು ನೋಡಲಾಗುವುದಿಲ್ಲ.

ಹಸಿವಿಗೆ ಗಾಂಜಾ ಅನ್ನುವವರಿಗೆ ನಾನು ಹೇಳುವುದು ಬೇರೆ. ಪುದುಚೇರಿಯ ಜಿಪ್ಮರ್‌ನಲ್ಲಿ ಕೀಮೋ ಪಡೆಯುವವರಿಗೆ 2.5 ಮಿಲಿಗ್ರಾಂ ಒಲಾಂಜಪಿನ್ ಕೊಟ್ಟು ನೋಡಿದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಹಸಿವೂ ಸುಧಾರಿಸಿತು, ತೂಕವೂ ಏರಿತು. ಅಗ್ಗದ ಮಾತ್ರೆ, ವಾಂತಿಗೂ ಆಗುತ್ತದೆ, ಎಲ್ಲ ಕಡೆ ಸಿಗುತ್ತದೆ. ಸಾವಿರಗಟ್ಟಲೆ ಕೊಟ್ಟು ಎಣ್ಣೆ ತರಿಸುವ ಮೊದಲು ಇದರ ಬಗ್ಗೆ ಡಾಕ್ಟರನ್ನು ಕೇಳಿ. ಇನ್ನು ತೀರ ಕೊನೆಯ ದಿನಗಳಲ್ಲಿ ಹಸಿವು ಇಂಗುವುದು ಸಹಜ. ಆಗ ಒತ್ತಾಯ ಮಾಡಿ ಗಂಜಿ ತುರುಕಬೇಡಿ, ತುಟಿ ಒದ್ದೆ ಮಾಡಿ, ಬಾಯಿ ಸ್ವಚ್ಛ ಇಡಿ.

ಇಷ್ಟೆಲ್ಲ ಕೇಳಿಯೂ ವಿಜಯಾ ಪ್ರಯತ್ನಿಸಬೇಕು ಅನ್ನಿಸಿದರೆ, ಮಾಡಿ, ತಡೆಯುವುದಿಲ್ಲ. ಆದರೆ ಕ್ರಮವಾಗಿ ಮಾಡಿ. ಬಾಟಲಿಯ ಮೇಲೆ ಆಯುಷ್ ಲೈಸೆನ್ಸ್ ನಂಬರ್ ಇರಬೇಕು. ಒಂದು ಮಿಲಿಯಲ್ಲಿ ಟಿಎಚ್‌ಸಿ ಎಷ್ಟು ಮಿಲಿಗ್ರಾಂ, ಸಿಬಿಡಿ ಎಷ್ಟು ಅಂತ ಬರೆದಿರಬೇಕು. ಅದಿಲ್ಲದ ಬಾಟಲಿ ಮುಟ್ಟಬೇಡಿ. ವಯಸ್ಸಾದವರಿಗೆ ಶುರು ಮಾಡುವುದು ರಾತ್ರಿ ಮಲಗುವ ಮುಂಚೆ, 2.5 ಮಿಲಿಗ್ರಾಂ ಟಿಎಚ್‌ಸಿ ಅಥವಾ ಅದಕ್ಕೂ ಕಡಿಮೆ. ನುಂಗಿದ ಎಣ್ಣೆ ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಮನೆಯವರು ಮುಕ್ಕಾಲು ಗಂಟೆ ಕಾದು, ಏನೂ ಆಗಲಿಲ್ಲ ಅಂತ ಇನ್ನೊಂದಿಷ್ಟು ಹನಿ ಹಾಕುತ್ತಾರೆ, ಆಮೇಲೆ ಎರಡೂ ಒಟ್ಟಿಗೆ ಏರಿ ರೋಗಿ ಗಾಬರಿ ಬೀಳುತ್ತಾರೆ. ಎದ್ದು ನಿಂತರೆ ತಲೆ ತಿರುಗಿ ಬೀಳುವ ಅಪಾಯ ಇದೆ, ರಾತ್ರಿ ಬಚ್ಚಲಿಗೆ ಒಬ್ಬರನ್ನೇ ಬಿಡಬೇಡಿ. ಮೂಳೆಗೆ ಕ್ಯಾನ್ಸರ್ ಹರಡಿದವರು ಬಿದ್ದರೆ ತೊಡೆಯ ಮೂಳೆಯೇ ಮುರಿಯುತ್ತದೆ.

ಕ್ಯಾನ್ಸರ್ ಡಾಕ್ಟರಿಗೆ ಮುಚ್ಚಿಡಬೇಡಿ. ಬೈದಾರು ಅನ್ನುವ ಹೆದರಿಕೆ ಇರುತ್ತದೆ, ಬೈದರೆ ಬೈಯಲಿ. ಸಿಬಿಡಿ ಕೆಲವು ಮದ್ದುಗಳನ್ನು ಮೈಯಲ್ಲಿ ಹೆಚ್ಚು ಹೊತ್ತು ಉಳಿಸುತ್ತದೆ, ರಕ್ತ ತೆಳು ಮಾಡುವ ವಾರ್ಫರಿನ್ ಅದರಲ್ಲೊಂದು. ಮಾರ್ಫಿನ್, ನಿದ್ದೆ ಮಾತ್ರೆ, ವಿಜಯಾ ಮೂರೂ ಸೇರಿದರೆ ಮಂಪರು ವಿಪರೀತ. ಇಮ್ಯುನೋಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ) ತೆಗೆದುಕೊಳ್ಳುತ್ತಿದ್ದರಂತೂ ಕೇಳದೇ ಕೊಡಲೇಬೇಡಿ. ಗಾಂಜಾ ಬಳಸುವವರಲ್ಲಿ ಆ ಚಿಕಿತ್ಸೆಯ ಫಲ ಕಡಿಮೆ ಇದ್ದದ್ದು ಇಸ್ರೇಲಿನ ಅಧ್ಯಯನಗಳಲ್ಲಿ ಕಂಡಿದೆ. ಹೃದಯದ ತೊಂದರೆ, ಹಿಂದೆ ಮಾನಸಿಕ ಕಾಯಿಲೆ ಇದ್ದವರಿಗೂ ಬೇಡ.

ಎರಡು ವಾರ ಕೊಟ್ಟು ನೋಟ್‌ಬುಕ್ ನೋಡಿ. ನಿದ್ದೆ, ವಾಂತಿ ಯಾವುದರಲ್ಲೂ ಬದಲಾವಣೆ ಇಲ್ಲ ಅಂದರೆ ಡಾಕ್ಟರಿಗೆ ಹೇಳಿ ನಿಲ್ಲಿಸಿ, ಆ ದುಡ್ಡು ಬೇರೆ ಆರೈಕೆಗೆ ಬೇಕಾಗುತ್ತದೆ.

ಬೀಚಿನ ಗಾಂಜಾ

ಗೋಕರ್ಣದ ಕುಡ್ಲೆ, ಓಂ ಬೀಚ್ ಕಡೆ ಸಿಗುತ್ತದೆ ಅನ್ನುವುದು ಇಡೀ ಜಿಲ್ಲೆಗೆ ಗೊತ್ತು. ಕಾನೂನಿನಲ್ಲಿ ರೋಗಿಗೆ ಅಂತ ವಿನಾಯಿತಿ ಇಲ್ಲ. ಒಂದು ಕೆಜಿಗಿಂತ ಕಡಿಮೆ ಇದ್ದರೂ ಒಂದು ವರ್ಷದ ತನಕ ಜೈಲು, ಇಲ್ಲಾ 10,000 ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಹಿತ್ತಿಲಲ್ಲಿ ನಾಲ್ಕು ಗಿಡ ಹಾಕಿಕೊಳ್ಳುತ್ತೇನೆ ಅಂದರೆ ಅದು ಇನ್ನೂ ಕೆಟ್ಟದ್ದು, ಬೆಳೆಸಿದ್ದಕ್ಕೆ ಹತ್ತು ವರ್ಷದ ತನಕ ಶಿಕ್ಷೆ ಇದೆ. ಅಪ್ಪ ಹಾಸಿಗೆ ಹಿಡಿದಿರುವಾಗ ಮಗ ಸ್ಟೇಷನ್, ಕೋರ್ಟು ಅಂತ ಅಲೆಯುವ ಹಾಗಾದರೆ ಮನೆಯಲ್ಲಿ ನೋಡಿಕೊಳ್ಳುವವರು ಯಾರು?

ಕಾನೂನು ಪಕ್ಕಕ್ಕಿಡಿ, ನನಗೆ ಜಾಸ್ತಿ ಹೆದರಿಕೆ ಬೂಷ್ಟಿನದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಒಣ ಹೂವು ಬಿಟ್ಟೀತೇ? ಕೀಮೋದಿಂದ ರೋಗನಿರೋಧಕ ಶಕ್ತಿ ಕುಗ್ಗಿದವರು ಆ ಹೊಗೆ ಎಳೆದರೆ ಆಸ್ಪರ್ಜಿಲಸ್ ಅನ್ನುವ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿಯಬಹುದು, ಅದು ಪ್ರಾಣ ತೆಗೆಯುವ ಸೋಂಕು. ಶಕ್ತಿ ಎಷ್ಟಿದೆ, ಏನು ಬೆರೆಸಿದ್ದಾರೆ ಅನ್ನುವುದೂ ತಿಳಿಯುವುದಿಲ್ಲ.

ಕುಮಟಾ ಹತ್ತಿರ ಒಬ್ಬ ಅಜ್ಜನಿಗೆ ನೆಂಟರೊಬ್ಬರು ಹೀಗೇ ತಂದದ್ದನ್ನು ಹಾಲಿನಲ್ಲಿ ಕುದಿಸಿ ಕುಡಿಸಿದ್ದರು. ನಾನು ಬೆಳಿಗ್ಗೆ ಹೋದಾಗ ಸೊಳ್ಳೆಪರದೆ ಹರಿದು ಕಾಲಿಗೆ ಸುತ್ತಿಕೊಂಡಿತ್ತು. ರಾತ್ರಿಯಿಡೀ ಯಾರೋ ತನ್ನನ್ನು ಹಿಡಿಯಲು ಬಂದಿದ್ದಾರೆ ಅಂತ ಕಿರುಚಿದ್ದರಂತೆ, ಹೆಂಡತಿಯ ಗುರುತೂ ಹತ್ತಿರಲಿಲ್ಲ. ಸೊಂಟದ ನೋವು ಇದ್ದ ಹಾಗೇ ಇತ್ತು. ಅಜ್ಜಿ ಕೇಳಿದ್ದು ಒಂದೇ ಮಾತು, "ಇನ್ನೊಂದ್ ಸಲ ನನ್ನ ಗುರುತು ಹಿಡೀತ್ರಾ?" ಸಂಜೆ ಹೊತ್ತಿಗೆ ಹಿಡಿದರು. ಕೆಲವೇ ದಿನ ಉಳಿದವರ ಬಾಳಿನಲ್ಲಿ ಒಂದು ಇಡೀ ದಿನ ಹಾಗೆ ಹೋಯಿತು.

ಮಳೆಗಾಲಕ್ಕೆ ಮೊದಲು

ಯಾವುದನ್ನೇ ಆರಿಸಿಕೊಳ್ಳಿ, ಔಷಧಿ ಘಟ್ಟದ ಆಚೆಯಿಂದಲೋ ಹೆದ್ದಾರಿಯ ಆ ತುದಿಯಿಂದಲೋ ಬರಬೇಕು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದಾಗಿದ್ದು ನೆನಪಿದೆಯಲ್ಲ. ದೇವಿಮನೆ ಘಟ್ಟದ ಕತೆಯೂ ಮಳೆಗಾಲದಲ್ಲಿ ನಂಬುವಂಥದ್ದಲ್ಲ. ಮಾರ್ಫಿನ್ ಒಮ್ಮೆಲೇ ತಪ್ಪಿದರೆ ನೋವಿನ ಜೊತೆಗೆ ಬೆವರು, ನಡುಕ, ಭೇದಿ ಎಲ್ಲ ಶುರುವಾಗುತ್ತದೆ. ಹಾಗಾಗಿ ಮೇ ತಿಂಗಳಲ್ಲೇ ಡಾಕ್ಟರಿಗೆ ನಮ್ಮ ರಸ್ತೆಯ ಪರಿಸ್ಥಿತಿ ಹೇಳಿ, ಒಂದು ಸಲಕ್ಕೆ ಹೆಚ್ಚೆಂದರೆ ಎಷ್ಟು ದಿನದ್ದು ಕೊಡಬಹುದು ಅಂತ ಕೇಳಿ. ಚೀಟಿಯ ಜೆರಾಕ್ಸ್ ಎರಡು ಮಾಡಿಸಿ, ಒಂದು ಮಾತ್ರೆಯ ಡಬ್ಬಿಯಲ್ಲೇ ಇರಲಿ. ಹತ್ತು ದಿನದ್ದು ಉಳಿದಿರುವಾಗಲೇ ಮುಂದಿನದಕ್ಕೆ ಹೊರಡಿ, ಯಾರು ಹೋಗುವುದು ಅಂತ ಈಗಲೇ ಮಾತಾಡಿಟ್ಟುಕೊಳ್ಳಿ. ಡಬ್ಬಿಗೆ ಬೀಗ ಇರಲಿ, ಬೀಗದ ಕೈ ಒಬ್ಬರ ಹತ್ತಿರ ಮಾತ್ರ ಇರಲಿ. ಉಳಿದ ಮಾತ್ರೆ, ಪಟ್ಟಿಗಳನ್ನು ಇನ್ನೊಬ್ಬ ರೋಗಿಗೆ ಅಂತ ದಾನ ಮಾಡಬೇಡಿ, ಕೊಟ್ಟ ಆಸ್ಪತ್ರೆಗೇ ವಾಪಸ್ ಮಾಡಿ.